ಎಲಡಿಕೆಜ್ಜಿಯ ಅಂಟು

ಜೇಡ ಅಂದ ತಕ್ಷಣ ನಿಮಗೆ ಬಲೆ ನೆನಪಾಗ್ತೈತೆ. ನಮ್ಮ ಗುಡ್ಡದ ಜೇಡಕ್ಕೆ ಬಲೆ ಕಟ್ಟೋ ಅಭ್ಯಾಸನೇ ಇಲ್ಲ. ನೆಲದ ಮೇಲೆ, ಕಲ್ಲುಚಕ್ಕೆ ಸಂದಿಯಲ್ಲಿ ಓಡಾಡ್ಕೊಂಡು ಬದುಕೋ ಹುಳ ಅದು. ಉದ್ದಿನಕಾಳಿನಷ್ಟು ಮೈ, ಗೂನು ಬೆನ್ನು, ಸಪೂರ ಕಾಲು. ಎದುರಿಗೆ ಸೊಳ್ಳೆಯೋ ನುಸಿಯೋ ಬಂತು ಅನ್ನಿ, ಇದ್ದಲ್ಲೇ ನಿಂತು ಥೂ ಅಂತ ಉಗೀತೈತೆ. ಕಣ್ಣು ಮಿಟುಕಿಸೋದ್ರೊಳಗೆ ಆ ಸೊಳ್ಳೆ ನೆಲಕ್ಕೆ ಅಂಟ್ಕೊಂಡಿರ್ತೈತೆ. ಜಗಲಿ ಮೇಲೆ ಕೂತ ಮುದುಕಿ ಎಲಡಿಕೆ ಉಗಿದಂಗೆ ಕಾಣೋದ್ರಿಂದ ನಮ್ಮ ಕಲ್ಲೊಡೆಯೋ ಜನ ಅದನ್ನ ಎಲಡಿಕೆಜ್ಜಿ ಅಂತಿದ್ರು. ಆವಾಗ ಅದಕ್ಕೊಂದು ಇಂಗ್ಲಿಷ್ ಹೆಸರೂ ಇರಲಿಲ್ಲ. ಓದಿದೋರು ಯಾರೂ ಅದನ್ನ ಬಗ್ಗಿ ನೋಡಿರಲಿಲ್ಲ.

ಬಗ್ಗಿ ನೋಡಿದ್ದು ಮೇಬಲ್ ಪಿಂಟೋ ಅನ್ನೋ ಡಾಕ್ಟರಮ್ಮ. ಸೂಜಿ ಚುಚ್ಚೋ ಡಾಕ್ಟರಲ್ಲ, ಹುಳದ ಮೇಲೆ ಓದ್ಕೊಂಡಿರೋ ಡಾಕ್ಟರು, ಮಂಗಳೂರು ಕಡೆಯೋರು. ಒಂದಿನ ನಮ್ಮ ಕ್ವಾರಿಗೆ ಬಂದೋರು, ನೀರು ಹರಿಯೋ ಕಲ್ಲಿನ ಮೇಲೂ ಆ ಉಗುಳು ಬಿಡದೆ ಅಂಟಿದ್ದು ನೋಡಿ, "ಎಂತ ಇದು ಮಾರಾಯ್ತಿ! ನೀರಲ್ಲೂ ಬಿಡುವುದಿಲ್ಲವಲ್ಲ!" ಅಂತ ನನ್ನ ಕೈ ಹಿಡ್ಕೊಂಡು ಕುಣಿದ್ರು. ಈ ಯಮ್ಮನಿಗೆ ಬಿಸಿಲು ತಲೆಗೇರೈತೆ ಅಂದ್ಕೊಂಡೆ ನಾನು. ಅವ್ರ ಯೋಚನೆ ಇಷ್ಟೇ ಇತ್ತು: ಒದ್ದೆಯಲ್ಲಿ ಅಂಟೋದು ಮನುಷ್ಯನ ಮೈಯೊಳಗೂ ಅಂಟಿದ್ರೆ?

ನನ್ನ ಹೆಸರು ಗಾಳೆಮ್ಮ. ಕಲ್ಲೊಡೆಯೋರ ಮನೆಯಲ್ಲಿ ಹುಟ್ಟಿ ಕಲ್ಲೊಡೆಯೋರ ಮನೆಗೇ ಸೊಸೆಯಾಗಿ ಬಂದೋಳು. ನಮ್ಮ ಕೇರಿಯಲ್ಲಿ ಗಂಡಸ್ರು ಐವತ್ತು ದಾಟೋದು ಅಪರೂಪ. ಕಲ್ಲು ಕೊರೆಯೋ ಮಿಷನ್ನಿನ ಬಿಳಿ ಧೂಳು ಒಳಗೆ ಹೋದ್ರೆ ಹೊರಗೆ ಬರಲ್ಲ. ಶ್ವಾಸಕೋಶ ಗಟ್ಟಿಯಾಗ್ತಾ ಆಗ್ತಾ ಒಂದಿನ ಎಲ್ಲೋ ಬಿರೀತೈತೆ. ಗಾಳಿ ಸೋರಿ ಎದೆಗೂಡಲ್ಲಿ ತುಂಬ್ಕೊಂಡು ಶ್ವಾಸಕೋಶನೇ ಮುದುರಿ ಹಾಕ್ತೈತೆ. ಹೊಲಿಗೆ ಹಾಕೋಣ ಅಂದ್ರೆ ಸೂಜಿ ಚುಚ್ಚಿದಲ್ಲೆಲ್ಲ ಇನ್ನೊಂದು ತೂತು. ನನ್ನ ಗಂಡ ಓಬಳೇಶಪ್ಪನಿಗೆ ನಲವತ್ತಾರಕ್ಕೇ ಹಂಗಾಯ್ತು.

ಅದಕ್ಕೆ ಮುಂಚೆನೇ ಮೇಬಲ್ ಅಮ್ಮ ಗುಡ್ಡದ ಬುಡದಲ್ಲೇ ಲ್ಯಾಬು ಮಾಡಿದ್ರು. ಹುಳ ಹುಡುಕೋಕೆ ಅಂತ ನನ್ನೇ ಕೆಲಸಕ್ಕೆ ತಗೊಂಡ್ರು. ಯಾವ ಕಲ್ಲಿನಡಿ ಯಾವ ಜೀವ ಇರ್ತೈತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ. ಒಂದು ವರ್ಷದಲ್ಲಿ ಒಂಬೈನೂರು ಹುಳ ಹಿಡಿದು ಡಬ್ಬಿಗೆ ಹಾಕಿದೆ. ಎದುರಿಗೆ ಸೊಳ್ಳೆ ತೋರಿಸಿದ್ರೆ ಗಾಜಿನ ಚೂರಿನ ಮೇಲೆ ಉಗೀತಿತ್ತು, ಅದನ್ನ ಕೆರೆದು ಸೀಸೆಗೆ ತುಂಬೋದು. ಮೊಟ್ಟೆ ಇಡೋ ವಯಸ್ಸಿನ ಹೆಣ್ಣುಹುಳದ ಉಗುಳೇ ಬೇಕು. ಒಂದು ತೂತು ಮುಚ್ಚೋಕೆ ಆರು ಹುಳ. ಒಂದ್ಸಲ ಪೂರ್ತಿ ಉಗಿದ ಹುಳಕ್ಕೆ ಮತ್ತೆ ತುಂಬ್ಕೊಳ್ಳೋಕೆ ಇಪ್ಪತ್ತು ದಿನ ಬೇಕು, ತೆಗೆದ ಅಂಟು ಫ್ರಿಜ್ಜಿನಲ್ಲಿ ಮೂರೇ ದಿನ ತಡೆಯೋದು. ದೊಡ್ಡ ದೊಡ್ಡ ಲ್ಯಾಬಿನೋರು ಆ ಅಂಟನ್ನ ಮಿಷನ್ನಿನಲ್ಲಿ ಮಾಡೋಕೆ ನೋಡಿದ್ರು. ಗಂಜಿ ಆಯ್ತೇ ಹೊರತು ಅಂಟಾಗಲಿಲ್ಲ. ಎರಡು ಥರದ ರಸ ಆ ಹುಳದ ಬಾಯಲ್ಲೇ ಕೂಡಬೇಕಂತೆ.

ಆ ಅಂಟು ಹಾಕಿಸ್ಕೊಂಡ ಮೊದಲಿನ ಹತ್ತು ಜನದಲ್ಲಿ ನನ್ನ ಗಂಡನೂ ಒಬ್ಬ. ಆಸ್ಪತ್ರೆಯಿಂದ ಮನೆಗೆ ಬಂದೋನು ಸೀದಾ ಒಲೆ ಹತ್ರ ಕೂತು, "ಇತ್ತ ಕೊಡೆ ಊದುಗೊಳವೆ" ಅಂದ. ಬೇಡ ಕಣೋ ಅಂದ್ರೂ ಕೇಳಲಿಲ್ಲ. ಉಫ್ ಅಂತ ಊದಿದ, ಬೆಂಕಿ ಭಗ್ ಅಂತ ಎದ್ದು ಅವನ ಹುಬ್ಬು ಸುಡ್ತು. ನಗ್ತಾ ನಗ್ತಾ ಅವನ ಕಣ್ಣಲ್ಲಿ ನೀರು ಬಂತು. "ಮೂರು ವರ್ಷ ಆಗಿತ್ತು ಕಣೆ ಬೆಂಕಿ ಊದಿ" ಅಂದ. ನಮ್ಮ ಮಗಳು ನೇತ್ರಾವತಿ ಬಾಗಿಲಲ್ಲಿ ನಿಂತು, "ಅಪ್ಪಂಗೆ ಹುಳದ ಎಂಜಲು ತಿನ್ನಿಸಿ ಹುಬ್ಬು ಸುಡಿಸಿದ್ಯಲ್ಲವ್ವ" ಅಂತ ನನ್ನ ರೇಗಿಸಿದ್ಲು.

ನೇತ್ರನಿಗೆ ಆವಾಗ ಇಪ್ಪತ್ತೆರಡು. ಐದು ವರ್ಷ ಜಲ್ಲಿ ಕ್ರಷರಿನಲ್ಲಿ ದುಡಿದೋಳು. ಅಪ್ಪನ ಜೊತೆ ಅವಳ ಎದೆದೂ ಫೋಟೋ ತೆಗೆಸಿದ್ವಿ. ಎಡಗಡೆ ಉಗುರಿನಷ್ಟು ನೆರಳು. ಇನ್ನೂ ಬಿರಿದಿಲ್ಲ, ಎರಡು ಮೂರು ವರ್ಷದಲ್ಲಿ ಬಿರೀಬಹುದು ಅಂದ್ರು ಆಸ್ಪತ್ರೆಯ ಡಾಕ್ಟರು. ಹಳೇ ಶ್ವಾಸಕೋಶಕ್ಕೆ ಹಾಕಿದ ಅಂಟು ಹತ್ತು ತಿಂಗಳು ತಡೆದ್ರೆ ಹೆಚ್ಚು, ಪಕ್ಕದಲ್ಲಿ ಇನ್ನೊಂದು ಕಡೆ ಬಿರೀತೈತೆ. ಎಳೇದಕ್ಕೆ ಹಾಕಿದ್ರೆ ಮಾಂಸ ಬೆಳೆದು ಕೂಡ್ಕೊಂಡು ಇಪ್ಪತ್ತು ವರ್ಷ ಬಂದ್ರೂ ಬಂತು ಅಂತ ಅವ್ರೇ ಹೇಳಿದ್ರು. ನಾನು ಧೈರ್ಯವಾಗೇ ಇದ್ದೆ. ಒಂಬೈನೂರು ಡಬ್ಬಿ ನನ್ನ ಕೈಯಲ್ಲೇ ಇದ್ವಲ್ಲ.

ಎಲಡಿಕೆಜ್ಜಿ ಮೊಟ್ಟೆ ಇಟ್ರೆ ಅದನ್ನ ನೂಲಲ್ಲಿ ಗಂಟು ಕಟ್ಟಿ ಬಾಯಲ್ಲೇ ಕಚ್ಕೊಂಡು ತಿರುಗ್ತೈತೆ. ಹದಿನೆಂಟು ದಿನ. ಅಲ್ಲೀವರೆಗೂ ತಿನ್ನಲ್ಲ, ಉಗಿಯೋಕೂ ಆಗಲ್ಲ, ಬಾಯಿ ತುಂಬ ಮಕ್ಕಳು. ಹುಳ ಬೇಕಾದಷ್ಟು ಇದ್ದಾಗ ನಾವು ಚಿಮಟದಲ್ಲಿ ಆ ಗಂಟು ಕಿತ್ತು ಎಸೆದು ಉಗುಳು ತೆಗೀತಿದ್ವಿ. ನಾನೇ ಎಷ್ಟು ಕಿತ್ತಿದೀನೋ. ಎಸೆದ ಮೇಲೆ ತಾಯಿಹುಳ ಒಂದಿಡೀ ದಿನ ಡಬ್ಬಿ ಮೂಲೆ ಮೂಲೆ ಹುಡುಕ್ತಿತ್ತು. ಹುಳ ತಾನೆ ಅಂತ ನಾನು ಮುಂದಿನ ಡಬ್ಬಿಗೆ ಹೋಗ್ತಿದ್ದೆ.

ಆಮೇಲೆ ಗುಡ್ಡನೇ ಹೋಯ್ತು. ಕಲ್ಲಿನ ಗುತ್ತಿಗೆ ಹಿಡಿದೋರು ಆರೇ ತಿಂಗಳಲ್ಲಿ ಬುಡಸಮೇತ ಕೊಯ್ದು ಲಾರಿಗೆ ಹಾಕಿದ್ರು. ಬೇರೆ ಯಾವ ಗುಡ್ಡದಲ್ಲೂ ಆ ಹುಳ ಇಲ್ಲ, ನಾನು ಮೇಬಲ್ ಅಮ್ಮ ಇಬ್ರೂ ಎಪ್ಪತ್ತು ಗುಡ್ಡ ಹತ್ತಿ ನೋಡಿದೀವಿ. ಉಳಿದಿದ್ದೆಲ್ಲ ಲ್ಯಾಬಿನ ಡಬ್ಬಿಯಲ್ಲಿರೋವೇ. ಅವಕ್ಕೆ ಮೂರು ವರ್ಷದ ಆಯಸ್ಸು. ಮರಿಯಾಗದಿದ್ರೆ ಕತೆ ಮುಗೀತು ಅಂತ ಎಲ್ಲರಿಗೂ ಗೊತ್ತಾಯ್ತು. ಅವತ್ತಿಂದ ಮೊಟ್ಟೆ ಕೀಳೋದು ನಿಲ್ಸಿದ್ವಿ.

ಮರಿ ಮಾತ್ರ ಆಗಲಿಲ್ಲ. ಮೊಟ್ಟೆ ಇಡ್ತಿದ್ವು, ಕಚ್ಕೊಂಡು ತಿರುಗ್ತಿದ್ವು, ಮೂರನೇ ದಿನವೋ ನಾಲ್ಕನೇ ದಿನವೋ ತಮ್ಮ ಮೊಟ್ಟೆ ತಾವೇ ತಿಂದು ಹಾಕ್ತಿದ್ವು. ಮೇಬಲ್ ಅಮ್ಮ ಮಾಡದೇ ಇರೋದು ಏನೂ ಉಳೀಲಿಲ್ಲ. ಬಿಸಿ ಹೆಚ್ಚಿಸಿದ್ರು, ತಂಪು ಹೆಚ್ಚಿಸಿದ್ರು, ಮಣ್ಣು ಬದಲಾಯಿಸಿದ್ರು, ಕತ್ತಲು ಮಾಡಿದ್ರು. ಎರಡು ವರ್ಷದಲ್ಲಿ ಒಂದು ಮರಿ ಇಲ್ಲ. ಒಂದಿನ ಸ್ಟೂಲ್ ಮೇಲೆ ಕೂತು, "ಇವಕ್ಕೆ ಎಂತದ್ದೋ ಹೆದರಿಕೆ ಉಂಟು ಗಾಳೆಮ್ಮ. ಹೆದರಿದ ತಾಯಿ ಮಾತ್ರ ಹೀಗೆ ಮಾಡುವುದು. ಆದ್ರೆ ಇಲ್ಲಿ ಯಾರು ಹೆದರಿಸುವುದು?" ಅಂತ ಅತ್ತೇಬಿಟ್ರು. ನಾನೂ ಜೊತೆಗೆ ಅತ್ತೆ.

ಈಗ ಒಂದು ವಿಷಯ ಹೇಳಬೇಕು. ನಮ್ಮ ಜನದಲ್ಲಿ ಒಂದು ಪದ್ಧತಿ ಐತೆ. ಕಲ್ಲು ಮಗುಚೋ ಮುಂಚೆ ಸುತ್ತಿಗೆ ಹಿಡಿಯಿಂದ ಮೂರು ಸಲ ತಟ್ಟಿ, "ಎದ್ದೋಗ್ರವ್ವ, ಕಲ್ಲೆತ್ತೀವಿ" ಅನ್ನಬೇಕು. ಅಡಿಯಲ್ಲಿ ಹಾವೋ ಚೇಳೋ ಬಸುರಿ ಹಲ್ಲಿಯೋ ಇದ್ರೆ ಅದರ ದಾರಿ ಅದು ಹಿಡಿಯಲಿ ಅಂತ. ಹೇಳದೆ ಎತ್ತಿದೋನ ಮನೆ ಏಳಿಗೆ ಆಗಲ್ಲ ಅಂತಿದ್ರು ನಮ್ಮತ್ತೆ. ಲ್ಯಾಬಿಗೆ ಬಂದ ಮೇಲೂ ನಾನು ಅದನ್ನ ಬಿಡಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ, ಯಾರೂ ಬರೋ ಮುಂಚೆ, ಒಂದೊಂದು ಡಬ್ಬಿ ಮುಚ್ಚಳಕ್ಕೂ ಬೆರಳಿನ ಗೆಣ್ಣಲ್ಲಿ ಮೂರು ಸಲ ತಟ್ಟಿ, ಹೇಳೋ ಮಾತು ಹೇಳಿ, ಆಮೇಲೇ ತೆಗೆದು ನೀರು ಹನಿಸ್ತಿದ್ದೆ. ಓದಿಲ್ಲದಿದ್ರೂ ಜೀವಕ್ಕೆ ಮರ್ಯಾದೆ ಕೊಡೋದು ನಮಗೆ ಗೊತ್ತೈತೆ ಅಂತ ಒಳಗೊಳಗೇ ಜಂಬ ಬೇರೆ.

ಮೊದಲನೇ ಅಂಟು ಹಾಕಿದ ಹತ್ತು ತಿಂಗಳಿಗೆ ನನ್ನ ಗಂಡನ ಶ್ವಾಸಕೋಶ ಇನ್ನೊಂದು ಕಡೆ ಬಿರೀತು, ಮತ್ತೆ ಹಾಕಿದ್ರು. ಆಮೇಲೆ ಇನ್ನೊಂದು ಸಲ. ನಾಲ್ಕನೇ ಸಲ ಬಿರಿದಾಗ ಲ್ಯಾಬಿನಲ್ಲಿ ಉಳಿದಿದ್ದು ಆರೇ ಹೆಣ್ಣುಹುಳ. ಗಂಡು ಒಂದೂ ಇರಲಿಲ್ಲ. ಆ ಆರೂ ಅದೇ ಹೊತ್ತಿಗೆ ಕಡೇ ಸಲ ಮೊಟ್ಟೆ ಇಟ್ಟು ಬಾಯಲ್ಲಿ ಕಚ್ಕೊಂಡಿದ್ವು. ಆಸ್ಪತ್ರೆಯಲ್ಲಿ ಅವನ ಪಕ್ಕೆಗೆ ಕೊಳವೆ ಹಾಕಿ ಗಾಳಿ ಹೊರಗೆ ಬಿಡ್ತಿದ್ರು. ಎರಡು ವಾರ ಹಿಂಗೇ ತಡೀಬಹುದು, ಅಷ್ಟರಲ್ಲಿ ಅಂಟು ತನ್ನಿ ಅಂದ್ರು ಡಾಕ್ಟರು. "ನಾಲ್ಕನೇ ದಿನ ಹೇಗೂ ಮೊಟ್ಟೆ ತಿಂತಾವೆ, ಆಮೇಲೆ ಆರರದ್ದೂ ತೆಗೆದು ಕೊಡುವ, ನೀನು ಗಂಡನ ಹತ್ತಿರ ಇರು" ಅಂತ ಮೇಬಲ್ ಅಮ್ಮ ನನ್ನ ರಜಾ ಮೇಲೆ ಕಳ್ಸಿದ್ರು. ಡಬ್ಬಿಗೆ ನೀರು ಹನಿಸೋ ಕೆಲಸ ಅವ್ರೇ ಮಾಡಿದ್ರು.

ಐದನೇ ದಿನ ಫೋನು ಬಂತು. "ಗಾಳೆಮ್ಮ, ತಿನ್ನಲಿಲ್ಲ! ಆರೂ ತಿನ್ನಲಿಲ್ಲ ಮಾರಾಯ್ತಿ!" ಏಳನೇ ದಿನ ಮತ್ತೆ ಅದೇ. ಎಂಟನೇ ದಿನವೂ ಅದೇ. ದನಿಯಲ್ಲಿ ಸಂತೋಷ, ಅದರ ಬೆನ್ನಿಗೇ ಸಂಕಟ, ಯಾಕಂದ್ರೆ ಮಂಚದ ಮೇಲೆ ನನ್ನ ಗಂಡ ಕಾಯ್ತಿದ್ದಾನೆ. ನನಗೂ ಹಂಗೇ. ಮೊಟ್ಟೆ ಉಳೀಲಿ ದೇವ್ರೇ ಅಂತ ಕೈ ಮುಗಿಯೋದು, ಕಣ್ಣು ಬಿಟ್ರೆ ಅವನ ಪಕ್ಕೆಯ ಕೊಳವೆಯಲ್ಲಿ ಗುಳುಗುಳು ಅಂತ ಗುಳ್ಳೆ ಏಳೋದು.

ಒಂಬತ್ತನೇ ದಿನ ನೇತ್ರನ್ನ ಅವಳಪ್ಪನ ಹತ್ರ ಬಿಟ್ಟು ಲ್ಯಾಬಿಗೆ ಹೋದೆ. ಕಣ್ಣಾರೆ ನೋಡಿ ಬರೋಣ ಅಂತ ಅಷ್ಟೇ. ಎಂಟು ಗಂಟೆ, ಯಾರೂ ಬಂದಿರಲಿಲ್ಲ. ಕಪಾಟಿನಲ್ಲಿ ಐದು ಡಬ್ಬಿ ಇದ್ವು, ಆರನೇದನ್ನ ಕ್ಯಾಮೆರಾ ಇಟ್ಟ ರೂಮಲ್ಲಿ ಬೀಗ ಹಾಕಿದ್ರು. ಮೊಟ್ಟೆ ಗಂಟು ಕಚ್ಕೊಂಡು ಕೂತ ಆ ಐದು ತಾಯಂದಿರನ್ನ ನೋಡಿದೆ. ಒಂದೊಂದು ಮುಚ್ಚಳಕ್ಕೂ ಮೂರು ಸಲ ತಟ್ಟಿದೆ. ಎದ್ದೋಗ್ರವ್ವ ಅಂದೆ. ನೀರು ಹನಿಸಿ ಆಸ್ಪತ್ರೆಗೆ ವಾಪಸ್ ಬಂದೆ.

ಮಾರನೇ ದಿನ ಮೇಬಲ್ ಅಮ್ಮ ಬೇಗ ಬಾ ಅಂದ್ರು. ಹೋದೆ. ಐದೂ ಡಬ್ಬಿಯಲ್ಲಿ ಮೊಟ್ಟೆ ಇಲ್ಲ, ಬರೀ ನೂಲಿನ ಚೂರು. ಅವ್ರು ನನ್ನ ಕಂಪ್ಯೂಟರ್ ಮುಂದೆ ಕೂರಿಸಿದ್ರು. ಕಪಾಟಿಗೆ ಹೊಸದಾಗಿ ಅದುರಿಕೆ ಅಳೆಯೋ ಯಂತ್ರ ಕೂರಿಸಿದ್ರಂತೆ, ಲಾರಿ ಓಡಾಟದಿಂದ ಹುಳಕ್ಕೆ ಹೆದರಿಕೆಯೇನೋ ನೋಡೋಣ ಅಂತ. ಪರದೆ ಮೇಲೆ ಒಂದು ಗೆರೆ. ಎಂಟು ದಿನ ನೆಟ್ಟಗೆ ಮಲಗಿದ್ದ ಗೆರೆ. ಒಂಬತ್ತನೇ ದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ಮೊಳೆಯಂಗೆ ಎದ್ದ ಮೂರು ಗೀಟು. ಸ್ವಲ್ಪ ಬಿಟ್ಟು ಮತ್ತೆ ಮೂರು. ಹಿಂಗೇ ಐದು ಸಲ.

"ಇದೆಂತದು ಗಾಳೆಮ್ಮ?" ಅಂದ್ರು.

ನಾನು ನನ್ನ ಬಲಗೈ ನೋಡ್ಕೊಂಡೆ. ಕಲ್ಲಿನಡಿ ಇರೋ ಜೀವಕ್ಕೆ ಎದ್ದೋಗು ಅಂದ್ರೆ ನಾಲ್ಕು ಕಡೆ ದಾರಿ ಐತೆ. ಡಬ್ಬಿಯೊಳಗಿರೋದು ಎಲ್ಲಿಗೆ ಹೋಗ್ಬೇಕು? ಶತ್ರು ಬಾಗಿಲು ಬಡೀತಿದ್ದಾನೆ, ಓಡೋಕೆ ಜಾಗ ಇಲ್ಲ, ಬಾಯಲ್ಲಿ ಮಕ್ಕಳು. ಬೇರೆಯೋನ ಪಾಲಾಗೋ ಬದಲು ತಾನೇ ನುಂಗಿತ್ತು. ಎರಡು ವರ್ಷ ದಿನಾ ಬೆಳಿಗ್ಗೆ ಅವನ್ನ ಹೆದರಿಸಿದ್ದು ನಾನೇ. ಮೇಬಲ್ ಅಮ್ಮ ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. "ನಾನು ಒಂದು ದಿನ ಎಂಟು ಗಂಟೆಗೆ ಬಂದು ನೋಡಬೇಕಿತ್ತು, ತಪ್ಪು ನನ್ನದೂ ಉಂಟು" ಅಂದು ನನ್ನ ತಲೆ ಸವರಿದ್ರು.

ಆ ಐದು ಹುಳದ ಬಾಯಿ ಈಗ ಖಾಲಿ. ಅವತ್ತೇ ಉಗುಳು ತೆಗೆದ್ವಿ. ಇನ್ನೊಂದು ಹುಳದ್ದು ಬೇಕು. ಐದರದ್ದೇ ಹಾಕಿ ಅಂತ ಆಸ್ಪತ್ರೆಗೆ ಫೋನ್ ಮಾಡಿ ಗೋಗರೆದೆ. ತೂತಿನ ಅಂಚು ಪೂರ್ತಿ ಮುಚ್ಚದಿದ್ರೆ ಮೊದಲನೇ ಕೆಮ್ಮಿಗೇ ಅಂಟು ಕಿತ್ತು ಬರ್ತೈತೆ, ಎದೆ ಕೊಯ್ದಿದ್ದೂ ದಂಡ ಅಂದ್ರು. ಹಳೇ ಹುಳ ಮತ್ತೆ ಮೊಟ್ಟೆ ಇಡೋ ಹಂಗಿಲ್ಲ. ಬೀಗ ಹಾಕಿದ ರೂಮಿನಲ್ಲಿ ಆರನೇ ತಾಯಿ, ಬಾಯಲ್ಲಿ ಗಂಟು, ಮರಿಯಾಗೋಕೆ ಇನ್ನೂ ಎಂಟು ದಿನ. ಈ ಭೂಮಿ ಮೇಲೆ ಆ ಜಾತಿಯದ್ದು ಅಂತ ಉಳಿದಿರೋದು ಅದೊಂದೇ ಗಂಟು. ಮೇಬಲ್ ಅಮ್ಮ ಬೀಗದ ಕೈ ನನ್ನ ಅಂಗೈಲಿ ಇಟ್ರು. "ಕೀಳಬೇಡ ಅಂತ ನಿನಗೆ ಹೇಳುವ ಬಾಯಿ ನನಗಿಲ್ಲ. ಅವ ನಿನ್ನ ಗಂಡ" ಅಂದ್ರು.

ಆಸ್ಪತ್ರೆಗೆ ಹೋಗಿ, ನೇತ್ರನ್ನ ಕಾಫಿ ತರೋಕೆ ಕಳಿಸಿ, ಓಬಳೇಶಪ್ಪನಿಗೆ ಎಲ್ಲಾ ಹೇಳಿದೆ. ತಟ್ಟಿದ್ದೂ ಹೇಳಿದೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೀಬೇಕಿತ್ತು ಅವನು.

"ಹೇಳಿ ಎತ್ತಬೇಕು ಅಂತ ನಮ್ಮವ್ವನೇ ಕಲಿಸಿದ್ದಲ್ವೇನೆ ನಿನಗೆ. ನೀನೇನು ಕೆಟ್ಟದ್ದಕ್ಕೆ ಮಾಡಿದ್ಯಾ."

"ನಾನು ನಾಳೆ ಬೆಳಿಗ್ಗೆ ಆ ಗಂಟು ಕೀಳ್ತೀನಿ" ಅಂದೆ.

"ಕಿತ್ರೆ ನನಗೆಷ್ಟು? ಹತ್ತು ತಿಂಗಳು. ಈ ಸಲ ಆರೇ ಇರಬಹುದು." ಬಾಗಿಲ ಕಡೆ ನೋಡಿದ. "ಅವಳಿಗೆ?"

"ಅವಳಿಗೆ ಇನ್ನೂ ಬಿರಿದಿಲ್ಲ. ಬಿರಿಯದೇ ಇದ್ರೂ ಇರಬಹುದು."

"ನಮ್ಮ ಕೇರಿಯಲ್ಲಿ ನೆರಳು ಬಿದ್ದು ಬಿರಿಯದೇ ಇದ್ದಿದ್ದು ಯಾವುದೈತೆ, ಒಂದು ಹೆಸರು ಹೇಳು."

ಅವನು ನನ್ನ ಕೈ ಹಿಡ್ಕೊಂಡ. "ಕೀಳಬೇಡ. ಅವಳಿಗೂ ಹೇಳಬೇಡ. ಅಪ್ಪನ ಆಯಸ್ಸು ತಿಂದು ಬದುಕಿದೀನಿ ಅಂತ ಕೊರಗ್ತಾಳೆ ಆ ಹುಡುಗಿ. ಹುಳ ಇರಲಿಲ್ಲ ಅನ್ನು. ಭಾಷೆ ಕೊಡು." ನಾನು ಕೊಡಲಿಲ್ಲ. ಅವನು ಕೈ ಬಿಡಲಿಲ್ಲ. ನೇತ್ರ ಕಾಫಿ ಹಿಡ್ಕೊಂಡು ಬರೋ ಚಪ್ಪಲಿ ಸದ್ದು ಕೇಳಿದಾಗ ಹೂಂ ಅಂದೆ.

ಹೂಂ ಅಂದೋಳು ಮಾರನೇ ಬೆಳಿಗ್ಗೆ ಆ ರೂಮಿನ ಬೀಗ ತೆಗೆದೆ. ಸುಳ್ಳು ಯಾಕೆ ಹೇಳ್ಲಿ, ಕೀಳಬೇಕು ಅಂತಲೇ ಹೋಗಿದ್ದೆ. ಮೂವತ್ತು ವರ್ಷ ಜೊತೆಗೆ ಬಾಳಿದೋನು. ಹತ್ತು ತಿಂಗಳು ಅಂದ್ರೆ ಒಂದು ಯುಗಾದಿ, ಒಂದು ದೀಪಾವಳಿ, ಮೂರುಹೊತ್ತು ಅವನ ಜೊತೆ ಊಟ. ಚಿಮಟ ತಗೊಂಡು ಮುಚ್ಚಳ ಮೆಲ್ಲಗೆ ಸರಿಸಿದೆ. ಹುಳ ಓಡಲಿಲ್ಲ. ಹತ್ತು ದಿನದಿಂದ ಏನೂ ತಿಂದಿಲ್ಲ, ಹೊಟ್ಟೆ ಬತ್ತಿ ಹೋಗೈತೆ, ಗಂಟನ್ನ ಮಾತ್ರ ಬಿಗಿಯಾಗಿ ಕಚ್ಕೊಂಡೈತೆ. ಗಂಟಿನ ನೂಲಿನೊಳಗೆ ಸಣ್ಣ ಕಪ್ಪು ಚುಕ್ಕಿ ಕಾಣ್ತಿದ್ವು. ಮರಿಗಳ ಕಣ್ಣಂತೆ ಅವು, ಮೇಬಲ್ ಅಮ್ಮ ಆಮೇಲೆ ಹೇಳಿದ್ರು. ನನಗೆ ನೇತ್ರನ ಎದೆಯ ಫೋಟೋದ ನೆರಳು ಕಣ್ಣಿಗೆ ಕಟ್ತು. ಎಷ್ಟು ಹೊತ್ತು ಚಿಮಟ ಹಿಡ್ಕೊಂಡು ನಿಂತಿದ್ನೋ ಗೊತ್ತಿಲ್ಲ. ಕೈ ಮುಂದೆ ಹೋಗಲಿಲ್ಲ. ಮುಚ್ಚಳ ಹಾಕಿ, ಅಲ್ಲೇ ಗೋಡೆಗೆ ಒರಗಿ, ಸೆರಗು ಬಾಯಿಗೆ ತುರುಕ್ಕೊಂಡು ಅತ್ತೆ. ಸದ್ದಾದ್ರೆ ಅದು ಹೆದರ್ಕೊಂಡೀತು ಅಂತ.

ಓಬಳೇಶಪ್ಪ ಐದು ದಿನಕ್ಕೆ ಹೋದ. ಕೊನೇ ದಿನ ಮಾತಿರಲಿಲ್ಲ. ನಾನು ಅವನ ಹಣೆ ಸವರ್ತಾ ಕಿವಿಯಲ್ಲಿ "ಕೀಳಲಿಲ್ಲ ಕಣೋ" ಅಂದೆ. ಕೇಳಿಸ್ತೋ ಇಲ್ವೋ.

ಮಣ್ಣು ಮಾಡಿ, ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ್ವಿ. ಅದರ ಮಾರನೇ ದಿನ ನಾನು ಅಂಗಳದಲ್ಲಿ ಪಾತ್ರೆ ತೊಳೀತಿದ್ದೆ, ಮೇಬಲ್ ಅಮ್ಮನ ಫೋನು ಬಂತು. "ಇಪ್ಪತ್ತೊಂಬತ್ತು ಗಾಳೆಮ್ಮ. ಇಪ್ಪತ್ತೊಂಬತ್ತೂ ಜೀವ ಉಂಟು. ತಾಯಿಯ ಬೆನ್ನ ಹಿಂದೆ ಹಿಂದೆಯೇ ನಡೀತಾವೆ. ವರ್ಷದಲ್ಲಿ ದೊಡ್ಡದಾಗ್ತಾವೆ." ನಾನು ಬೂದಿಗೈಯಲ್ಲೇ ಆಕಾಶ ನೋಡಿ ಕೈ ಮುಗಿದೆ. ನಕ್ಕೆ ಅಂತ ಕಾಣ್ತೈತೆ.

ನೇತ್ರ ಒಳಗಿಂದ ಬಂದು ನಿಂತಿದ್ದು ನಾನು ನೋಡಿರಲಿಲ್ಲ.

"ಏನಂತೆ?" ಅಂದ್ಲು.

"ಹುಳ ಮರಿ ಮಾಡೈತಂತೆ."

"ಅಂದ್ರೆ ಹುಳ ಇತ್ತು." ಅವಳ ಮುಖ ಬಿಳಿಚ್ಕೊಳ್ತು. "ಹುಳ ಇಲ್ಲ, ಮುಗಿದೋಯ್ತು ಅಂದ್ಯಲ್ಲವ್ವ. ಅಪ್ಪ ಬಾಯಿ ಬಾಯಿ ಬಿಡ್ತಿದ್ದಾಗ ನಿನ್ನ ಲ್ಯಾಬಲ್ಲಿ ಹುಳ ಇತ್ತು. ಅದರಿಂದ ತೆಗೀಬಹುದಿತ್ತಾ ಇಲ್ವಾ? ಬಾಯಿಬಿಟ್ಟು ಹೇಳು!"

ನಾನು ಪಾತ್ರೆ ತಿಕ್ಕಿದೆ.

"ಅಪ್ಪನ್ನ ಕಳ್ಸಿ ನಾಲ್ಕು ದಿನ ಆಗಿಲ್ಲ, ಹುಳ ಮರಿ ಹಾಕಿದ್ದಕ್ಕೆ ಕೈ ಮುಗಿದು ನಗ್ತೀಯ! ನಿನಗೆ ಗಂಡನಿಗಿಂತ ಹುಳ ಹೆಚ್ಚಾಯ್ತಾ? ಎಂಥ ಹೆಂಗ್ಸು ನೀನು! ಕಲ್ಲಿನ ಮನೆಯಲ್ಲಿ ಹುಟ್ಟಿ ಕಲ್ಲೇ ಆಗಿದೀಯ!" ಇಡೀ ಕೇರಿಗೆ ಕೇಳೋ ಹಂಗೆ ಕೂಗಿದ್ಲು. ಅಕ್ಕಪಕ್ಕದೋರು ಬಾಗಿಲಿಗೆ ಬಂದ್ರು. ನನ್ನ ನಾಲಿಗೆ ತುದಿಗೆ ಬಂತು, ಹೇಳೇಬಿಡೋಣ ಅಂತ. ನುಂಗ್ಕೊಂಡೆ.

ಅವತ್ತಿಂದ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡಲ್ಲ ಅವಳು. ಮಾತಾಡಿದ್ರೆ ಬೈಯೋದೇ. ಒಂದೇ ಉಸಿರಿಗೆ, ಎಲ್ಲೂ ತಡೆಯದೆ, ಗಂಟಲು ಹರಿಯೋ ಹಂಗೆ ಬೈತಾಳೆ. ನಾನು ಒಲೆ ಮುಂದೆ ಕೂತು ಕೇಳಿಸ್ಕೊಳ್ತೀನಿ. ಬೈಲಿ ಬಿಡಿ. ಬೈಯೋಕೂ ಎದೆಯಲ್ಲಿ ಉಸಿರಿರಬೇಕು.